ತಟ್ಟೆನ್ನುವ ಉರುಳೆ

"ರೀ, ಈ ಸಲ ಮಧ್ಯೆ ಬಾಯಿ ಹಾಕ್ಬೇಡಿ," ಎಂದು ಹೆಂಡತಿ ಗೇಟಿನ ಹೊರಗೇ ಕಟ್ಟಪ್ಪಣೆ ಮಾಡಿದಳು. "ನಿಮ್ಮ ಕಿವಿಯಿಂದಾಗಿ ಆಗ್ಲೇ ಎರಡು ಮಿಷನ್ ಕೈತಪ್ಪಿವೆ."

ಅದರಲ್ಲಿ ಸುಳ್ಳಿರಲಿಲ್ಲ. ಅಜ್ಜಿ ನಸುಕಿನಲ್ಲಿ ದೇವರ ಮುಂದೆ ಕೂತು ಪದ್ಯ ಓದುವುದನ್ನು ಕೇಳಿಯೇ ಬೆಳೆದವನು ನಾನು. ಲಯದಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾದರೂ ಜೀವಕ್ಕೆ ಸಮಾಧಾನವಿರುವುದಿಲ್ಲ. ಕೊಳ್ಳಲು ಹೋದಲ್ಲಿ ಹಳೆಯ ಯಂತ್ರ ತಿರುಗುವಾಗ "ತಾಳು, ಏನೋ ಸರಿಯಿಲ್ಲ" ಎಂದುಬಿಡುತ್ತೇನೆ. ನಾವು ಯೋಚಿಸುತ್ತ ನಿಂತಷ್ಟರಲ್ಲಿ ಬೇರೆ ಯಾರೋ ಹೊತ್ತುಕೊಂಡು ಹೋಗಿರುತ್ತಾರೆ.

ಈಗ ಕಾಯುವಂತಿರಲಿಲ್ಲ. ಮನೆಯ ಹಿಂದಿನ ಕೊಠಡಿಯಲ್ಲಿ ಅವಳು ತೊಟ್ಟಿಲು, ಸ್ಟೂಲು, ಮಕ್ಕಳ ಕುರ್ಚಿ ಮಾಡುತ್ತಾಳೆ. ಅಂಚುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಮಣಿಕಟ್ಟು ಬಾತುಕೊಂಡಿತ್ತು. ಕೈಯಲ್ಲಿ ಉಜ್ಜುವುದನ್ನು ನಿಲ್ಲಿಸದಿದ್ದರೆ ಮರಗೆಲಸವನ್ನೇ ಬಿಡಬೇಕಾದೀತು ಎಂದಿದ್ದರು ವೈದ್ಯರು. ಅಂದಿನಿಂದ ಅವಳು ಕೂತಲ್ಲಿ ಕೂತಿಲ್ಲ. ಉಜ್ಜುವ ಯಂತ್ರ ಸಿಗುವ ಮೊದಲೇ ಅದಕ್ಕೆ ಉಪ್ಪುಕಾಗದದ ಹೊಸ ಪಟ್ಟಿ ಕೊಂಡು, ಚೀಲದಲ್ಲಿ ಹೊತ್ತುಕೊಂಡು ತಿರುಗುತ್ತಿದ್ದಳು.

ಮಾರುತ್ತಿದ್ದವನು ಅಂಗಡಿ ಮುಚ್ಚುತ್ತಿದ್ದ ಒಬ್ಬ ಬಡಗಿ. ಖಾಲಿ ಶೆಡ್ಡಿನ ಮೂಲೆಯಲ್ಲಿ ಯಂತ್ರ ನಿಂತಿತ್ತು: ಉದ್ದನೆಯ ಕಬ್ಬಿಣದ ಮೇಜು, ಎರಡು ತುದಿಗೆ ಎರಡು ಉರುಳೆ, ಅವನ್ನು ಬಳಸಿ ಗೋಡೆಯಂತೆ ನೆಟ್ಟಗೆ ನಿಂತ ಒರಟು ಪಟ್ಟಿ.

"ಬೇಗ ನೋಡ್ಕೊಳ್ಳಿ ತಂಗಿ, ಇನ್ನೊಬ್ರು ವ್ಯಾನ್ ತಗೊಂಡೇ ಹೊರಟಿದ್ದಾರೆ."

ಪಟ್ಟಿ ಓಡತೊಡಗಿತು. ಜೊತೆಗೆ ತಂದಿದ್ದ ಹಲಗೆಯ ತುಂಡನ್ನು ಹೆಂಡತಿ ಅದಕ್ಕೆ ಒತ್ತಿಹಿಡಿದಳು. ಆಮೇಲೆ ಅಂಚಿನ ಮೇಲೆ ಬೆರಳಾಡಿಸಿದಳು, ಮುಖ ಸಣ್ಣದಾಯಿತು. ನುಣುಪಾಗುವ ಬದಲು ಸಣ್ಣ ಸಣ್ಣ ಅಲೆ ಎದ್ದಿದ್ದವು. ಸ್ವಿಚ್ ಆರಿಸಿದ ಮೇಲೆ ಓಟ ಇಳಿಯುತ್ತ ಇಳಿಯುತ್ತ ನನ್ನ ಕಿವಿಗೆ ಬಿತ್ತು: ತಟ್, ತಟ್, ತಟ್.

ತುಟಿ ಬಿಗಿಹಿಡಿದೆ.

"ಪಟ್ಟಿ ಹಳೇದು, ಅದರ ಜೋಡಣೆ ತಟ್ತಿದೆ ಅಷ್ಟೇ," ಎಂದು ಅವಳು ಚೀಲದಿಂದ ತನ್ನ ಹೊಸ ಪಟ್ಟಿ ತೆಗೆದು ಏರಿಸಿದಳು. ಮತ್ತೆ ಓಟ, ಮತ್ತೆ ಅಲೆ, ಮತ್ತೆ ತಟ್.

ಬಡಗಿ ನಕ್ಕ. "ವಯಸ್ಸಾದ್ಮೇಲೆ ಗೊಣಗತ್ತೆ. ನಿಮ್ಮ ಯಜಮಾನ್ರು ಗೊಣಗಲ್ವಾ?"

"ಗೊಣಗಿದ್ರೆ ಪರ್ವಾಗಿಲ್ಲ. ಸುಮ್ನಿದ್ದಾಗ್ಲೇ ನಂಗೆ ಭಯ." ಅವಳು ನನ್ನತ್ತ ತಿರುಗಿದಳು. "ಹೇಳ್ಬಿಡಿ ಮಾರಾಯ್ರೆ, ಗಂಟಲಲ್ಲಿ ಸಿಕ್ಕೊಂಡಿರೋದು ಕಾಣ್ತಿದೆ."

ಅಷ್ಟರಲ್ಲಿ ಬಡಗಿಯ ಫೋನ್. "ತಿರುವಲ್ಲೇ ಇದ್ದೀರಾ? ಬನ್ನಿ ಬನ್ನಿ."

ಬೇಡವೆಂದರೆ ಇದೂ ಹೋಯಿತು. ಸುಮ್ಮನಿದ್ದರೆ ಆ ಅಲೆಗಳನ್ನೆಲ್ಲ ಅವಳು ಮತ್ತೆ ಕೈಯಲ್ಲೇ ಉಜ್ಜಬೇಕು. ಮನಸ್ಸಿನಲ್ಲೇ ದೇವರನ್ನು ನೆನೆದೆ.

"ಪಟ್ಟಿಯಲ್ಲ ಕಣೇ. ಪಟ್ಟಿ ಒಂದು ಸುತ್ತು ಬರೋದ್ರೊಳಗೆ ಅದು ಎಷ್ಟೋ ಸಲ ತಟ್ಟತ್ತೆ. ಉರುಳೇಲಿ ಏನೋ ಇದೆ. ಪ್ಲಗ್ ಕಿತ್ತು ಕೈಯಲ್ಲಿ ತಿರುಗಿಸು."

ಅವಳು ಮೆಲ್ಲಗೆ ತಿರುಗಿಸಿದಳು. ನಾನು ಕಣ್ಣು ಮುಚ್ಚಿದೆ. "ಈಗ." ಇನ್ನೊಂದು ಸುತ್ತು. "ಈಗ." ಪ್ರತಿ ಸಲವೂ ಉರುಳೆಯ ಅದೇ ಜಾಗ. ಪಟ್ಟಿ ಬಿಚ್ಚಿ ಅಲ್ಲಿ ಬೆರಳಿಂದ ಸವರಿದಳು.

"ಸಿಕ್ತು!"

ಒಣಗಿ ಕಲ್ಲಾಗಿದ್ದ ಒಂದು ಹನಿ ಅಂಟು.

"ಅಣ್ಣಾ, ಹರಿದ ಪಟ್ಟಿಗೆ ಅಂಟು ಹಚ್ಚಿ, ಹಸೀ ಇರೋವಾಗ್ಲೇ ಹಾಕ್ತಿದ್ರಾ?"

"ಕೆಲಸ ನಿಲ್ಬಾರ್ದಲ್ಲ ತಂಗಿ..." ಬಡಗಿ ತಲೆ ಕೆರೆದುಕೊಂಡ. "ಈ ಗೊಣಗಾಟಕ್ಕೇ ನಾನಿದನ್ನ ಮೂಲೆಗೆ ತಳ್ಳಿದ್ದು."

ಗೇಟಿನ ಬಳಿ ಹಾರ್ನ್ ಕೇಳಿಸಿತು. ಅವಳು ಉಳಿಯಿಂದ ಅಂಟನ್ನು ಕೆರೆದು, ಪಟ್ಟಿ ಏರಿಸಿ, ಹಲಗೆಯನ್ನು ಮತ್ತೆ ಒತ್ತಿದಳು. ಅಂಚು ಮಗುವಿನ ಕೆನ್ನೆಯಂತಾಗಿತ್ತು.

"ಮಿಷನ್ ಮಾರಿಹೋಯ್ತು ಅಂತ ಅವ್ರಿಗೆ ಹೇಳ್ಬಿಡಿ," ಎಂದಳು, ಯಂತ್ರದ ಮೇಲಿಂದ ಕೈ ತೆಗೆಯದೆ.

ಯಂತ್ರವನ್ನು ಮನೆಗೆ ತಂದವಳು ನೀರನ್ನೂ ಕುಡಿಯದೆ ಅದಕ್ಕೆ ತೊಟ್ಟಿಲಿನ ಹಲಗೆ ಹಿಡಿದಳು. "ಇನ್ನಾದ್ರೂ ಹೋಗಿ ಕೂತ್ಕೊಳ್ರೀ," ಎಂದಳು. ಕೂರಲಾಗಲಿಲ್ಲ. ಅವಳು ಸ್ವಿಚ್ ಆರಿಸಿದಾಗಲೆಲ್ಲ ನಾನು ಬಾಗಿಲಲ್ಲಿ ಉಸಿರು ಹಿಡಿದು ನಿಲ್ಲುತ್ತಿದ್ದೆ, ಈಗ ಇಲ್ಲದ ಆ ಸದ್ದಿಗೆ ಕಿವಿಗೊಟ್ಟು.