ಏಳನೇ ತಿರುವಿನಲ್ಲಿ ಓಡದ ಹೆಲ್ಮೆಟ್ಟು

ಬಿಸಿ ಪ್ಲಾಸ್ಟಿಕ್ಕು, ಅದರ ನಡುವೆ ಕೊಬ್ಬರಿ ಎಣ್ಣೆ. ನನ್ನ ಬಾಲ್ಯದ ವಾಸನೆ ಇದು. ನಾನು ಒಂದು ಹೆಲ್ಮೆಟ್ಟು. ಅಚ್ಚಿನಿಂದ ಹೊರಬಂದ ದಿನ ಕಾರ್ಖಾನೆಯ ಹೆಂಗಸೊಬ್ಬಳು ನನ್ನೊಳಗೆ ಥರ್ಮೋಕೋಲನ್ನು ಒತ್ತಿ ಕೂರಿಸಿದಳು. ಅದರ ಮೇಲೆ ಮೆತ್ತನೆಯ ಬಟ್ಟೆ ಹೊದಿಸಿ, ಎಲ್ಲಾದರೂ ಚುಚ್ಚುತ್ತದೆಯೋ ಎಂದು ತನ್ನ ತಲೆಗೇ ಹಾಕಿಕೊಂಡು ನೋಡಿದಳು. ಹಾಗೆ ನೋಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಕೂದಲಿನ ಎಣ್ಣೆ ನನಗೆ ಅಂಟಿದ್ದು ಆಗಲೇ. ನನ್ನ ಹೊರಗಿನ ಹೊಳಪು ಎಲ್ಲರಿಗೂ ಕಾಣುತ್ತದೆ. ಆದರೆ ಬಿದ್ದಾಗ ಪೆಟ್ಟನ್ನು ನುಂಗುವುದು ಒಳಗಿನ ಆ ಥರ್ಮೋಕೋಲು. ನನ್ನ ಜೀವ ಇದ್ದದ್ದು ಅಲ್ಲಿ.

ನನ್ನನ್ನು ಮೊದಲು ಕೊಂಡವರು ಗದಗಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಪ್ರಾಣೇಶ ಮಾಸ್ತರು. ಒಂದೇ ವರ್ಷದಲ್ಲಿ ಕುತ್ತಿಗೆ ನೋವು ಬಂದು ಅವರು ಬೈಕು ಬಿಟ್ಟರು. ಮೆಕ್ಯಾನಿಕ್ ಫಕ್ಕೀರಪ್ಪನ ಗ್ಯಾರೇಜಿಗೆ ನನ್ನನ್ನು ತಂದು ಅವನ ಮಗಳು ದಾಕ್ಷಾಯಣಿಯ ಕೈಗಿಟ್ಟರು. "ನಂದೂ ನಿನ್ನಂಗ ಸಣ್ಣ ತಲಿ, ನಿನಗ ಸರಿ ಕೂಡ್ತದ ನೋಡವಾ" ಎಂದರು. ಕೊಡುವ ಮುಂಚೆ ಒಳಬಟ್ಟೆಯನ್ನು ಒಗೆದು ಬಿಸಿಲಿಗೆ ಒಣಗಿಸಿದ್ದರು.

ದಾಕ್ಷಾಯಣಿಗೆ ಬೈಕಿನ ಹುಚ್ಚು. ರೇಸಿನ ಟ್ರ್ಯಾಕಿನ ಮೇಲೆ ಎರಡು ಸಲ ಓಡಿಸಿದ್ದಳು. ಮೂರನೆಯ ಸಲ ಅವಳನ್ನು ಕರೆದದ್ದು ದೂರದ ಒಂದು ಹೊಸ ಟ್ರ್ಯಾಕಿಗೆ. ಅಲ್ಲಿ ಪಂದ್ಯವಿರಲಿಲ್ಲ. ಆದರೆ ಚೆನ್ನಾಗಿ ಓಡಿಸಿದವರಲ್ಲಿ ಒಬ್ಬರನ್ನು ತರಬೇತಿ ಶಾಲೆಗೆ ಆರಿಸಿಕೊಳ್ಳುವವರಿದ್ದರು. ಆ ಟ್ರ್ಯಾಕನ್ನು ಅವಳು ಕಣ್ಣಲ್ಲಿ ಕಂಡಿರಲಿಲ್ಲ. ಅದಕ್ಕೆ ನಕ್ಷೆ ನೋಡಿಕೊಂಡು ಗ್ಯಾರೇಜಿನ ಅಂಗಳದಲ್ಲಿ ಸೀಮೆಸುಣ್ಣದಿಂದ ಅದನ್ನು ಬರೆದಳು. ತಿರುವಿಗೊಂದು ಹಳೇ ಟೈರು ಇಟ್ಟಳು. ನನ್ನನ್ನು ಹಾಕಿಕೊಂಡು, ತಿರುವು ಬಂದಲ್ಲಿ ಮೈ ವಾಲಿಸುತ್ತ ದಿನಾ ಬೆಳಿಗ್ಗೆ ನಡೆದಳು. ಏಳನೇ ತಿರುವಿಗೆ ಬರುವಷ್ಟರಲ್ಲಿ ಟೈರು ಮುಗಿದಿದ್ದವು.

"ಯಪ್ಪಾ, ಅಲ್ಲಿ ನೀನ ನಿಂದ್ರು."

"ನಿಂದ್ರತೀನಿ. ಮೈಮ್ಯಾಲೆ ಹಾಯಬ್ಯಾಡ ಮತ್ತ. ಅಳಿಯನ ಮುಖಾ ನೋಡಿ ಸಾಯಬೇಕು ನಾನು."

"ಹಂಗಾರ ನೂರು ವರ್ಷ ಬದುಕತಿ ಬಿಡು."

ಹೀಗೆ ಹದಿನೈದು ದಿನ ಫಕ್ಕೀರಪ್ಪ ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡೇ ಏಳನೇ ತಿರುವಾಗಿ ನಿಂತ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ದಾಕ್ಷಾಯಣಿ ಪೇಟೆಗೆ ಹೋಗಿದ್ದಳು. ಫಕ್ಕೀರಪ್ಪ ನನ್ನನ್ನು ತೊಡೆಯ ಮೇಲಿಟ್ಟುಕೊಂಡ. ಗ್ಯಾರೇಜಿನವರಿಗೆ ಪೆಟ್ರೋಲೇ ಗಂಗೆ. ಚೈನು, ಪ್ಲಗ್ಗು, ನೆಲ, ಕಡೆಗೆ ತಮ್ಮ ಕೈಗಳನ್ನೂ ಅದರಲ್ಲೇ ತೊಳೆಯುತ್ತಾರೆ. ಅವನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ನನ್ನ ಮೇಲಿನ ಹಳೇ ಅಂಟನ್ನೆಲ್ಲ ತೆಗೆದ. ಆಮೇಲೆ ಒಳಬಟ್ಟೆ ಬಿಚ್ಚಿ, ಬೆವರಿಗೆ ಕಪ್ಪಾಗಿದ್ದ ಥರ್ಮೋಕೋಲನ್ನೂ ಒರೆಸಿದ. ನನ್ನ ಒಳಮೈ ಕರಗತೊಡಗಿತು. ಕೂಗಲು ನನಗೆ ಬಾಯಿಲ್ಲ. ಅವನ ಕಣ್ಣಿಗೆ ಪೊರೆ ಬಂದಿತ್ತು. ಒಳಗೆ ಕುಳಿ ಬಿದ್ದದ್ದು ಕಾಣಲಿಲ್ಲ. ಕೂಸಿನ ಮುಖ ಒರೆಸಿದಷ್ಟು ಹಗುರವಾಗಿ ಒರೆಸಿ, ಬಟ್ಟೆಯನ್ನು ಮತ್ತೆ ಸಿಕ್ಕಿಸಿ, ಉಫ್ ಎಂದು ಊದಿದ.

ಟ್ರ್ಯಾಕಿನಲ್ಲಿ ಅವಳು ನನ್ನನ್ನು ಹಾಕಿಕೊಂಡು ಬಿದ್ದರೆ ಏನಾಗುವುದೆಂದು ತಿಳಿದಿದ್ದವನು ನಾನೊಬ್ಬನೇ.

ಟ್ರ್ಯಾಕಿಗೆ ಇಳಿಯುವ ಮುಂಚೆ ಬೈಕು, ಹೆಲ್ಮೆಟ್ಟು ಎಲ್ಲದರ ತಪಾಸಣೆಯಾಗಬೇಕು. ತಪಾಸಣೆಗೆ ಕುಳಿತವರು ಕೋಲಾರ ಕಡೆಯ ಮುನಿವೆಂಕಟಪ್ಪ ಎಂಬ ಹಿರಿಯರು. ಬೈಕಿನ ಬೋಲ್ಟುಗಳು ಸಡಿಲವಾಗದಂತೆ ಫಕ್ಕೀರಪ್ಪ ಬಿಗಿದಿದ್ದ ತಂತಿಯನ್ನು ನೋಡಿ, "ಯಾರಪ್ಪ ಕಟ್ಟಿದ್ದು? ಒಡವೆ ಮಾಡ್ದಂಗೈತೆ" ಎಂದರು. ಫಕ್ಕೀರಪ್ಪನ ಎದೆ ಉಬ್ಬಿತು.

ಆಮೇಲೆ ನನ್ನನ್ನು ಎತ್ತಿಕೊಂಡರು. ಮೂಗಿನ ಹತ್ತಿರ ತಂದು, ಮತ್ತೊಮ್ಮೆ ಮೂಸಿದರು.

"ಇದ್ನ ಯಾತ್ರಲ್ಲಿ ಒರೆಸಿದ್ರಿ?"

"ಪೆಟ್ರೋಲಿನ್ಯಾಗರೀ. ಲಕಲಕ ಹೊಳೀತೈತಲ್ರೀ?"

ಅವರು ಸಾಲಿನಲ್ಲಿದ್ದವರಿಗೆ ಕಾಣದಂತೆ ತಿರುಗಿ ನಿಂತು ನನ್ನ ಒಳಬಟ್ಟೆ ಎತ್ತಿದರು. ಫಕ್ಕೀರಪ್ಪನ ಬೆರಳು ಹಿಡಿದು ಆ ಕುಳಿಗಳ ಮೇಲೆ ಆಡಿಸಿದರು. "ಅಣ್ಣಾ, ಥರ್ಮೋಕೋಲ್ನ ಪೆಟ್ರೋಲು ತಿಂದ್ಬಿಡ್ತದೆ. ಇದ್ನ ಹಾಕ್ಕೊಂಡು ಮಗು ಬಿದ್ರೆ, ಬರೀ ತಲೇಲಿ ಬಿದ್ದಂಗೆ" ಎಂದರು, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. ದಾಕ್ಷಾಯಣಿಗೆ ಹೇಳಿದ್ದು ಇಷ್ಟೇ: "ಇದಕ್ಕೆ ವಯಸ್ಸಾಯ್ತಮ್ಮ."

ಅವರೇ ಓಡಾಡಿ ಮೂರು ಹೆಲ್ಮೆಟ್ಟು ಕೇಳಿ ತಂದರು. ಮೂರೂ ಅವಳ ಸಣ್ಣ ತಲೆಗೆ ಸಡಿಲವಾದವು. ಆ ದಿನ ದಾಕ್ಷಾಯಣಿ ಬೈಕು ಓಡಿಸಲಿಲ್ಲ. ಶಾಲೆಗೆ ಬೇರೆಯವರ ಹೆಸರು ಬರೆದುಕೊಂಡರು.

ಮಧ್ಯಾಹ್ನ ಬೈಕುಗಳು ನಿಂತಾಗ ಟ್ರ್ಯಾಕಿನ ಮೇಲೆ ನಡೆದಾಡಲು ಬಿಡುತ್ತಾರೆ. ಅಪ್ಪ ಮಗಳು ನಡೆದರು. ನಾನು ಅವಳ ತೋಳಿನಲ್ಲಿದ್ದೆ. ಏಳನೇ ತಿರುವು ಬಂದಾಗ ಫಕ್ಕೀರಪ್ಪ ಅಂಗಳದಲ್ಲಿ ನಿಲ್ಲುತ್ತಿದ್ದಂತೆಯೇ ನಿಂತುಬಿಟ್ಟ.

"ಅದಕ್ಕ ವಯಸ್ಸಾಗಿಲ್ಲ ದಾಕ್ಷಿ. ನಾನ ಪೆಟ್ರೋಲ್ ಹಚ್ಚಿ ಕೆಡಿಸೀನಿ. ನಿನ್ನ ತಲಿ ನಾನ ಒಡೀತಿದ್ದೆ."

ಅವಳು ನನ್ನನ್ನು ಮೂಗಿನ ಹತ್ತಿರ ತಂದುಕೊಂಡಳು.

"ವಾಸನಿ ನನಗೂ ಬಂದಿತ್ತಪ್ಪಾ. ನಿನ್ನ ವಾಸನಿ ಅಂತ ಸುಮ್ಮನಿದ್ದೆ."

ಊರಿಗೆ ಬಂದ ಮೇಲೆ ಅವಳು ನನ್ನ ಗದ್ದದ ಪಟ್ಟಿ ಕತ್ತರಿಸಿದಳು, ತಪ್ಪಿಯೂ ಯಾರೂ ಹಾಕಿಕೊಳ್ಳಬಾರದೆಂದು. ಈಗ ನಾನು ಗ್ಯಾರೇಜಿನ ಗೂಡಿನಲ್ಲಿ ಹಳೇ ನಟ್ಟುಗಳನ್ನು ತುಂಬಿಕೊಂಡು ಕುಳಿತಿದ್ದೇನೆ. ಫಕ್ಕೀರಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಮೆತ್ತಗೆ ನನ್ನನ್ನು ಯಾರೂ ಮುಟ್ಟಿರಲಿಲ್ಲ. ನನಗಿದ್ದ ಕೆಲಸ ಒಂದು ತಲೆ ಕಾಯುವುದು. ಒಡೆಯದೆಯೂ ಅದು ಆಯಿತು.

ವರ್ಷದ ಮೇಲೆ ಅವಳಿಗೆ ಅದೇ ಟ್ರ್ಯಾಕಿನಿಂದ ಮತ್ತೆ ಕರೆ ಬಂತು. ಅವಳಿಗೀಗ ಹೊಸ ಹೆಲ್ಮೆಟ್ಟಿದೆ. ಫಕ್ಕೀರಪ್ಪ ಅದನ್ನು ಒಮ್ಮೆಯೂ ಮುಟ್ಟಲಿಲ್ಲ. ಅಂಗಳದಲ್ಲೂ ಅವನು ನಿಲ್ಲಲಿಲ್ಲ. ಏಳನೇ ತಿರುವಿನಲ್ಲಿ ಈ ಸಲ ಅವಳು ಒಂದು ಡಬ್ಬಿ ಇಟ್ಟಿದ್ದಳು. ಇವತ್ತು ಬೆಳಿಗ್ಗೆ ಬೈಕನ್ನು ಟೆಂಪೋಗೆ ಏರಿಸಿದ ಮೇಲೆ ಅವನು ಗ್ಯಾರೇಜಿನ ಬಾಗಿಲಲ್ಲೇ ಉಳಿದ.

"ನೀ ಹೋಗಿ ಬಾರವಾ. ನಾ ಬಂದ್ರ ಮತ್ತೇನರ ಕೆಡಿಸೇನು."

ದಾಕ್ಷಾಯಣಿ ಒಳಗೆ ಹೋಗಿ ರೊಟ್ಟಿಯ ಬುತ್ತಿಗಂಟು ತಂದಳು. ಗಂಟು ಒಬ್ಬರ ಊಟಕ್ಕೆ ದೊಡ್ಡದಿತ್ತು. ಅದನ್ನು ಅಪ್ಪನ ಎರಡೂ ಕೈಗಳಲ್ಲಿಟ್ಟು, ಟೆಂಪೋದಲ್ಲಿ ಇನ್ನೊಬ್ಬರಿಗೆ ಜಾಗವಾಗುವಂತೆ ಒತ್ತಟ್ಟಿಗೆ ಸರಿದು ಕುಳಿತಳು.