ಸಿಂಕಿನೊಳಗಿನ ಬಾಳೆನಾರು

ಕೃಷ್ಣಾನಂದರು ಮಾಡುತ್ತಿದ್ದ ಪತ್ರೊಡೆ ಬಾಯಿಗಿಡುವಂತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವರ ಮಗಳು ಕೃಪಾ ಇದನ್ನು ಹೇಳದೆ ಉಳಿದದ್ದರಿಂದಲೇ ಇಷ್ಟೆಲ್ಲ ಆದದ್ದು.

ಪುತ್ತೂರು ಕಡೆಯ ಕೃಷ್ಣಾನಂದರು ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ. ಹೆಂಡತಿ ನಿರ್ಮಲ ಇರುವಷ್ಟು ಕಾಲ ಅಡುಗೆಮನೆಯಲ್ಲಿ ಅವರಿಗೆ ಗೊತ್ತಿದ್ದದ್ದು ನೀರಿನ ಹೂಜಿ ಇರುವ ಜಾಗ ಒಂದೇ. ಆಕೆ ತೀರಿಕೊಂಡ ಮೇಲೆ ಇದ್ದಕ್ಕಿದ್ದಂತೆ ಸೌಟು ಹಿಡಿದರು. ಅದೂ ಅನ್ನ ಸಾರಿಗಲ್ಲ, ನೇರ ಪತ್ರೊಡೆಗೆ! ಅಂಬೆಗಾಲಿಡುವ ಮಗು ಮರ ಹತ್ತಲು ಹೊರಟ ಹಾಗೆ. ಚಾಲೈ ಪೇಟೆಯಿಂದ ಕೆಸುವಿನ ಎಲೆ ತಂದು, ಅಕ್ಕಿ ತೆಂಗಿನಕಾಯಿ ಮೆಣಸು ರುಬ್ಬಿ ಹಚ್ಚಿ, ಸುತ್ತಿ, ಬಾಳೆನಾರಿನಲ್ಲಿ ಬಿಗಿಯಾಗಿ ಕಟ್ಟಿ ಹಬೆಗಿಡುತ್ತಿದ್ದರು. ಹುಳಿಗೆ ಮಾತ್ರ ಅಂಗಡಿಯವನ ಮಾತು ಕೇಳಿ ಕುಡಂಪುಳಿ ಹಾಕಿದರು. ಅದು ಮಲಯಾಳಿಗಳು ಮೀನುಸಾರಿಗೆ ಹಾಕುವ, ಹೊಗೆಯಲ್ಲಿ ಒಣಗಿಸಿದ ಕಪ್ಪು ಹುಳಿ. ಹೊಟ್ಟೆಗೆ ಒಳ್ಳೆಯದಂತೆ.

ಮಗಳಿಗೂ ಸಿಗಲಿ ಎಂದು ಶುಕ್ರವಾರ ಎರ್ನಾಕುಲಂನ ತನ್ನ ಮನೆಗೆ ಹೋಗುವ ಸಹೋದ್ಯೋಗಿ ವಿನ್ಸೆಂಟ್ ಕೈಯಲ್ಲಿ ಡಬ್ಬಿ ಕಳಿಸಿದರು. ಕೃಪಾ ಮತ್ತು ಅವಳ ಗಂಡ, ಮೈಸೂರಿನ ವಿಶ್ವಾಸ್, ಕೊಚ್ಚಿಯ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಒಂದು ಫ್ಲ್ಯಾಟಿನಲ್ಲಿದ್ದರು. ಕೃಪಾ ಒಂದು ಹೋಳು ಬಾಯಿಗೆ ಹಾಕಿದಳು. ಮೊದಲು ಮೂಗಿಗೆ ಹೊಗೆ ಬಡಿಯಿತು, ಆಮೇಲೆ ಗಂಟಲು ತುರಿಸತೊಡಗಿತು. ಅಷ್ಟರಲ್ಲಿ ಫೋನ್ ಬಂತು.

"ಹೇಗುಂಟು?" ಎಂದರು ಅಪ್ಪ. ಪರೀಕ್ಷೆ ಬರೆದು ಬಂದ ಹುಡುಗನ ದನಿ ಅದು.

"ಅಮ್ಮ ಮಾಡಿದ ಹಾಗೇ ಉಂಟಪ್ಪ," ಎಂದಳು ಕೃಪಾ.

ಮರುವಾರ ಡಬ್ಬಿ ದೊಡ್ಡದಾಯಿತು. ಆಮೇಲೆ ವಾರ ತಪ್ಪಲಿಲ್ಲ. "ನಿಜ ಹೇಳ್ಬಿಡೇ, ಮಾವ ಏನ್ ಮುನಿಸ್ಕೋತಾರಾ?" ಎಂದು ವಿಶ್ವಾಸ್ ಹೇಳಿದ. ಅವನಿಗೇನು, ಹೇಳುವುದು ಸುಲಭ. ಒಂದು ಸಲ ಚೆನ್ನಾಗಿದೆ ಅಂದವಳು ಹತ್ತನೇ ಸಲ ಚೆನ್ನಾಗಿಲ್ಲ ಅನ್ನುವುದು ಹೇಗೆ?

ಆ ವರ್ಷ ಕೊಚ್ಚಿಯಲ್ಲಿ ಮನೆಮನೆಯ ಕಸ ಎತ್ತುವುದೇ ನಿಂತುಹೋಗಿತ್ತು. ಪತ್ರೊಡೆ ಬಾಲ್ಕನಿಯ ಬಕೆಟ್ಟಿನಲ್ಲಿ ದಿನಗಟ್ಟಲೆ ಕೂರುತ್ತಿತ್ತು. ಮುಚ್ಚಳ ತೆಗೆದಾಗಲೆಲ್ಲ ಅಪ್ಪ ಕಟ್ಟಿದ ಗಂಟುಗಳು ಕಣ್ಣಿಗೆ ಬಿದ್ದು ಕೃಪಾಳಿಗೆ ಮುಖ ಸುಡುತ್ತಿತ್ತು. ತಾನು ಮಾಡುತ್ತಿರುವುದು ಹೇಸಿಗೆಯ ಕೆಲಸ ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಕಸಕ್ಕೊಂದು ದಾರಿ ಬೇಕು ಎಂದು ಎಲ್ಲರೂ ಹುಡುಕುತ್ತಿದ್ದರು. ಗೊಬ್ಬರದ ಮಡಕೆ ಇಟ್ಟರೆ ತಿಂಗಳುಗಟ್ಟಲೆ ಆ ಪತ್ರೊಡೆಯ ಮುಖ ನೋಡುತ್ತಿರಬೇಕು. ಬಯೋಗ್ಯಾಸ್ ತೊಟ್ಟಿಗೆ ಫ್ಲ್ಯಾಟಿನವರ ಅಸೋಸಿಯೇಷನ್ ಒಪ್ಪಲಿಲ್ಲ. ಉಳಿದದ್ದು ಸಿಂಕಿನ ಕೆಳಗೆ ಕೂರಿಸುವ, ಕಸ ಅರೆದು ನೀರಿನ ಜೊತೆ ಪೈಪಿಗೆ ಬಿಡುವ ಯಂತ್ರ. ಕಳಮಶ್ಶೇರಿಯ ಅಂಗಡಿಯಲ್ಲಿ ಅದನ್ನು ತೋರಿಸಿದ ಅಶ್ರಫ್ ಕಾಸರಗೋಡಿನವನು. ಕೃಪಾಳ ಕನ್ನಡ ಕೇಳಿ ಖುಷಿಪಟ್ಟ.

"ಸಣ್ಣ ಮೋಟರಿನದ್ದು ತಕ್ಕೊಳ್ಬೇಡಿ ಮೇಡಂ, ತೆಂಗಿನಕಾಯಿ ತಿನ್ನುವ ಊರು ಇದು, ಎಳೀಲಿಕ್ಕಿಲ್ಲ. ಮತ್ತೆ ನಾರಿನದ್ದು ಯಾವುದೂ ಹಾಕ್ಲಿಕ್ಕಾಗುದಿಲ್ಲ. ಒಳಗೆ ಸುತ್ತಿಕೊಳ್ತದೆ."

"ಹಾಕಿದ್ದು ಮತ್ತೆ ಕಾಣ್ಲಿಕ್ಕಿಲ್ಲ ಅಲ್ವಾ?" ಎಂದಷ್ಟೇ ಅವಳು ಕೇಳಿದಳು.

ಯಂತ್ರ ಬಂತು. ಶುಕ್ರವಾರ ರಾತ್ರಿ ನಾರು ಕತ್ತರಿಸಿ ಬೇರೆ ಎಸೆದು, ಪತ್ರೊಡೆಯನ್ನು ಹೋಳು ಮಾಡಿ ಹಾಕಿ, ನಲ್ಲಿ ಬಿಟ್ಟು ಗುಂಡಿ ಒತ್ತಿದರೆ ಗುರ್ರೆಂದು ಎಲ್ಲ ಮಾಯ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವಳ ದಿನಗಳು ನಡೆದವು. ಮರುದಿನ ಫೋನಿನಲ್ಲಿ ಅಪ್ಪ ಕೇಳುತ್ತಿದ್ದರು, ಅಮ್ಮನದೇ ರುಚಿ ಎಂದು ಅವಳು ಹೇಳುತ್ತಿದ್ದಳು. ಒಮ್ಮೊಮ್ಮೆ ಅವರು ಎರಡೆರಡು ಸಲ ಕೇಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ ಎಂದು ಅವಳು ಎರಡು ಸಲವೂ ಹೇಳುತ್ತಿದ್ದಳು.

ಒಂದು ಶನಿವಾರ ವಿಶ್ವಾಸ್ ಆಫೀಸಿಗೆ ಹೋದ ಮೇಲೆ ಅಪ್ಪನ ಫೋನ್ ಬಂತು. ವಿನ್ಸೆಂಟ್ ರಜೆಯಲ್ಲಿದ್ದಾನೆ, ಹಾಗಾಗಿ ತಾನೇ ಡಬ್ಬಿ ಹಿಡಿದು ರೈಲು ಹತ್ತಿದ್ದೇನೆ, ಎರ್ನಾಕುಲಂನಲ್ಲಿ ಇಳಿದು ಆಟೋ ಹಿಡಿದೂ ಆಯಿತು, ಇನ್ನೇನು ಬಂದೆ ಎಂದರು. ಕೃಪಾ ಫ್ರಿಜ್ಜಿನತ್ತ ಓಡಿದಳು. ಅರೆಯಲು ಸೋಮಾರಿತನ ಬಂದು ಹಿಂದಿನ ವಾರಗಳ ಪತ್ರೊಡೆಯನ್ನು ಹಾಗೇ ಫ್ರಿಜ್ಜಿನಲ್ಲಿ ತುರುಕಿದ್ದಳು. ಈಗ ಅಷ್ಟನ್ನೂ ತಂದು, ಕತ್ತರಿ ಹುಡುಕಲೂ ಪುರುಸೊತ್ತಿಲ್ಲದೆ, ಇಡಿಇಡಿಯಾಗಿ ಸಿಂಕಿನ ಬಾಯಿಗೆ ಒತ್ತಿದಳು. ಯಂತ್ರ ಒಮ್ಮೆ ಗುರ್ರೆಂದಿತು, ಆಮೇಲೆ ಗುಂಯ್ ಎಂದಿತು, ಆಮೇಲೆ ಸುಮ್ಮನಾಯಿತು. ಅಡಿಯ ಕೆಂಪು ರೀಸೆಟ್ ಗುಂಡಿ ಒತ್ತಿದಳು. ಮತ್ತೆ ಗುಂಯ್ ಎಂದು ನಿಂತಿತು. ಕದಡಿದ ನೀರು ಸಿಂಕಿನಲ್ಲಿ ಮೇಲೇರಿತು. ಅದೇ ಹೊತ್ತಿಗೆ ಬಾಗಿಲ ಗಂಟೆ ಸದ್ದು ಮಾಡಿತು.

ಕೃಷ್ಣಾನಂದರು ನೀರು ಕುಡಿಯಲೆಂದು ನೇರ ಅಡುಗೆಮನೆಗೆ ಬಂದರು. ಬಂದವರಿಗೆ ನೀರು ಕಟ್ಟಿ ನಿಂತ ಸಿಂಕು ಕಂಡಿತು. ಕೆಟ್ಟ ಫ್ಯಾನು, ಕೆಟ್ಟ ಇಸ್ತ್ರಿಪೆಟ್ಟಿಗೆ ಕಂಡರೆ ಅಂಗಿ ತೋಳು ಮಡಚುವ ಮನುಷ್ಯ.

"ಬಿಡಿ ಅಪ್ಪ, ಸೋಮವಾರ ಕಂಪನಿಯವರು ಬರ್ತಾರೆ."

"ಇದಕ್ಕೆ ಎಂತ ಕಂಪನಿ? ಸ್ವಿಚ್ ಆಫ್ ಮಾಡು ಮೊದಲು."

ಅವರು ನೆಲದಲ್ಲಿ ಕೂತು ಯಂತ್ರದ ಅಡಿಯ ತೂತಿಗೆ, ಅದರ ಜೊತೆಗೇ ಬಂದಿದ್ದ ಬಾಗಿದ ಕೀಲಿ ತೂರಿಸಿ ಹಿಂದೆ ಮುಂದೆ ತಿರುಗಿಸಿದರು. ಕೃಪಾ ಟಾರ್ಚು ಹಿಡಿದು ನಿಂತಳು. ಅವರು ಎದ್ದು ಇಕ್ಕಳದಿಂದ ಸಿಂಕಿನ ಬಾಯಲ್ಲಿ ತಡಕಿ ಏನನ್ನೋ ಹಿಡಿದೆಳೆದರು. ಒದ್ದೆ ಬಾಳೆನಾರು ಉದ್ದಕ್ಕೆ ಎದ್ದು ಬಂತು. ತುದಿಯಲ್ಲಿ ಕೆಸುವಿನ ಎಲೆಯ ಚೂರು, ಅದರ ಮೇಲೆ ಗಂಟು. ಹಬೆಯಲ್ಲಿ ಬಿಚ್ಚಿಹೋದೀತೆಂದು ಗಂಟಿನ ಮೇಲೆ ಗಂಟು ಹಾಕುವುದು ಕೃಷ್ಣಾನಂದರೊಬ್ಬರೇ.

ಅವರು ಅದನ್ನು ನೋಡಿದರು. "ಹಾಳಾಗಿತ್ತಾ?" ಎಂದು ಕೇಳಿದರು.

"ಹೌದಪ್ಪ. ಕರೆಂಟು ಹೋಗಿ ಫ್ರಿಜ್ಜಿನಲ್ಲಿ..."

"ಹಾಳಾದ್ದನ್ನು ತಿನ್ಬಾರ್ದು. ಒಳ್ಳೇದೇ ಮಾಡಿದ್ದಿ. ಹೇಗೂ ಹೊಸತು ತಂದಿದ್ದೇನೆ," ಎಂದು ಅವರು ಮತ್ತೆ ಇಕ್ಕಳ ಇಳಿಸಿದರು. ಒಂದಾದ ಮೇಲೊಂದು ನಾರು ಎಳೆದೆಳೆದು ತಟ್ಟೆಯಲ್ಲಿ ಜೋಡಿಸಿದರು. ನಂಬಿಬಿಟ್ಟಿದ್ದರು. ಬೈದಿದ್ದರೆ, ಮುಖ ತಿರುಗಿಸಿದ್ದರೆ, ಕೃಪಾ ಇನ್ನೂ ನಾಲ್ಕು ಸುಳ್ಳು ಪೋಣಿಸುತ್ತಿದ್ದಳೇನೋ. ಈ ನಂಬಿಕೆಯ ಎದುರು ಅವಳಿಗೆ ನಿಲ್ಲಲಾಗಲಿಲ್ಲ.

"ಹಾಳಾಗಿರ್ಲಿಲ್ಲ ಅಪ್ಪ," ಎಂದಳು. "ನಂಗೆ ತಿನ್ಲಿಕ್ಕೆ ಆಗ್ಲಿಲ್ಲ. ಒಂದು ವಾರವೂ ಆಗ್ಲಿಲ್ಲ. ಎಲ್ಲ ಇದಕ್ಕೇ ಹಾಕಿದ್ದು."

ಕೃಷ್ಣಾನಂದರ ಕೈ ನಿಂತಿತು. "ಅಮ್ಮ ಮಾಡಿದ ಹಾಗೇ ಉಂಟು ಅಂತ ಹೇಳ್ತಿದ್ದಿಯಲ್ಲ?"

"ಸುಳ್ಳು ಹೇಳಿದ್ದು."

ಅವರು ಕುರ್ಚಿ ಎಳೆದುಕೊಂಡು ಕೂತರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಂಗೆ ಹಾಗೆ ಅನ್ನಿಸ್ತಿರ್ಲಿಲ್ಲ," ಎಂದರು. "ತಿಂದಾಗೆಲ್ಲ ಇದು ಅವಳದ್ದಲ್ಲ ಅಂತ್ಲೇ ಕಾಣ್ತಿತ್ತು. ಆದ್ರೆ ನೀನು ಅವಳ ಕೈಯಲ್ಲಿ ಉಂಡು ಬೆಳೆದವಳು, ಅದೇ ರುಚಿ ಅಂದಿ. ಎರಡೆರಡು ಸಲ ಕೇಳಿದ್ರೂ ಅದೇ ಅಂದಿ. ಹಾಗಾದ್ರೆ ಅವಳ ರುಚಿ ಮರೆತದ್ದು ನಾನೇ ಅಂತ ಗ್ರಹಿಸಿದೆ. ಇಷ್ಟು ಬೇಗ ಮರೆತೆನಲ್ಲ ಅಂತ..." ಅವರು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡರು. "ವಾರ ವಾರ ಮಾಡಿದ್ದು ಅದಕ್ಕೇ ಮಗಳೇ. ತಿಂತಾ ತಿಂತಾ ನೆನಪಾದೀತು ಅಂತ."

ಅಪ್ಪ ನೊಂದಾರು ಎಂದು ಕೃಪಾ ಹೆದರಿದ್ದಳು. ಆದರೆ ಅವರ ಮುಖ ನಿಧಾನವಾಗಿ ಸಡಿಲವಾಗುತ್ತಿತ್ತು. ಎಷ್ಟೋ ತಿಂಗಳ ಭಾರವೊಂದು ಇಳಿದಂತಿತ್ತು, ಅದನ್ನು ಹೊರಿಸಿದವಳು ತಾನು ಎಂಬುದು ಅವಳಿಗೆ ಆಗ ತಿಳಿಯಿತು.

"ಹಾಗಾದ್ರೆ ನಾನು ಮರೀಲಿಲ್ಲ?" ಎಂದು ಕೇಳಿದರು.

"ಇಲ್ಲಪ್ಪ. ನೀವು ಮರೀಲಿಲ್ಲ."

ಅವರು ಅವಳ ಮುಖವನ್ನೇ ನೋಡಿದರು. "ಇದು ನಿಜವಾ? ಅಲ್ಲ, ಇದೂ ನನ್ನ ಸಮಾಧಾನಕ್ಕೆ ಹೇಳಿದ್ದಾ?"

ನಿಜವೇ ಅಪ್ಪ, ಎಂದಳು ಕೃಪಾ. ನಿಜವನ್ನೇ ಹೇಳುತ್ತಿದ್ದರೂ ಅವಳಿಗೆ ತಲೆ ಎತ್ತಲಾಗಲಿಲ್ಲ.