ಹೊಗೆ ಆರಿದ ಕೆಂಡ

ಬಸವಂತಮ್ಮನ ಮೊದಲ ಕೂಸು ಹಿಂದಿನ ವರ್ಷದ ಚಳಿಗಾಲದಲ್ಲಿ ದೇವದುರ್ಗದ ಗಂಡನ ಮನೆಯಲ್ಲಿ ತೀರಿಹೋಗಿತ್ತು. ಬಾಣಂತಿ ಕೋಣೆಯ ಕೆಂಡದ ಹೊಗೆ ಎದೆಯಲ್ಲಿ ಕಟ್ಟಿದೆ ಎಂದು ರಾಯಚೂರಿನ ಡಾಕ್ಟರಮ್ಮ ಆಗ ಹೇಳಿದ್ದಳು. ಈ ಸಲ ಹುಟ್ಟಿದ ಗಂಡುಕೂಸು ದಿನ ತುಂಬುವ ಮೊದಲೇ ಬಂದಿತ್ತು, ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಆಸ್ಪತ್ರೆಯಿಂದ ಮಾನ್ವಿಯ ತವರಿಗೆ ಕಳಿಸುವಾಗ ಅದೇ ಡಾಕ್ಟರಮ್ಮ ಬಸವಂತಮ್ಮನ ತಂದೆ ವಿರೂಪಣ್ಣನಿಗೆ ಎರಡೇ ಮಾತು ಹೇಳಿದಳು. ಕೋಣೆ ಒಂದೇ ಸಮನೆ ಬೆಚ್ಚಗಿರಬೇಕು. ಹೊಗೆ ಮಾತ್ರ ಸೋಂಕಬಾರದು.

ವಿರೂಪಣ್ಣನಿಗೆ ಸಿರವಾರ ರಸ್ತೆಯಲ್ಲಿ ಅಕ್ಕಿ ಗಿರಣಿ ಇತ್ತು. ಯಂತ್ರವೆಂದರೆ ಅವನಿಗೆ ಮನುಷ್ಯರಿಗಿಂತ ಹೆಚ್ಚು ನಂಬಿಕೆ. ಆಸ್ಪತ್ರೆಯಿಂದ ನೇರ ಸ್ಟೇಷನ್ ರಸ್ತೆಯ ದಸ್ತಗೀರ್ ಸಾಬನ ಕರೆಂಟ್ ಸಾಮಾನಿನ ಅಂಗಡಿಗೆ ಹೋದ.

"ತಂತಿ ಹೀಟರ್ ಒಯ್ಯಿರಿ ಸಾವಕಾರ್ರ, ಅಗ್ಗ ಅದ. ಆದ್ರ ಕರೆಂಟ್ ಕುಡಿತದ, ಎಮ್ಮಿ ನೀರು ಕುಡಿದಂಗ. ನಿಮ್ಮ ಮನಿ ವೈರ್ ತಡಿಯಂಗಿಲ್ಲ" ಎಂದ ದಸ್ತಗೀರ್ ಸಾಬ.

"ಬ್ಯಾಸಗಿ ಬಂದ್ರ? ಹೀಟರ್ ತಗೊಂಡು ತಲಿಗೆ ಬಡ್ಕೊಳ್ಳೇನು?"

"ಹಂಗಿದ್ರ ಇದನ್ನ ನೋಡ್ರಿ." ಕಿಟಕಿಯಲ್ಲಿ ಕೂಡಿಸುವ ದೊಡ್ಡ ಪೆಟ್ಟಿಗೆಯ ಮೇಲೆ ಸಾಬ ಕೈಯಿಟ್ಟ. "ಬ್ಯಾಸಗ್ಯಾಗ ಒಳಗಿನ ಕಾವು ಹೊರಗ ಹಾಕ್ತದ. ಗುಂಡಿ ತಿರುವಿದ್ರ ಚಳಿಯಾಗ ಹೊರಗಿನ ಕಾವು ಒಳಗ ತರ್ತದ. ತಾ ಕಾವು ಹುಟ್ಟಸಂಗಿಲ್ಲ, ಬರೇ ಹೊರತದ. ಅದಕ್ಕ ಹೀಟರಿನ ಮೂರರಾಗ ಒಂದು ಪಾಲು ಕರೆಂಟ್ ಸಾಕು."

"ಚಳಿಯಾಗ ಹೊರಗ ಎಲ್ಲಿ ಕಾವಿರ್ತದ ಸಾಬ್ರ?"

"ನಮ್ಮ ರಾಯಚೂರಾಗ? ಇಲ್ಲಿ ಚಳಿಗೂ ಬೆವರು ಬರ್ತದ!"

ಇಬ್ಬರೂ ನಕ್ಕರು. ಸಾಬ ಒಂದು ಕರಾರು ಹಾಕಿದ. ಕೋಣೆ ಡಬ್ಬಿಯಂತೆ ಬಿಗಿಯಾಗಬೇಕು, ಇರುವೆ ಹೋಗುವ ಸಂದಿಯಿದ್ದರೂ ಯಂತ್ರ ದುಡಿದದ್ದೆಲ್ಲ ಪೋಲು.

ಮಣ್ಣಿನ ಮಾಳಿಗೆಯ ಹಳೆಯ ಮನೆ ಅದು. ಬಾಣಂತಿ ಕೋಣೆಗೆ ಒಂದು ಕಿಟಕಿ, ಸೂರಿನಲ್ಲಿ ಒಂದು ಬೆಳಕಿಂಡಿ. ಕಿಟಕಿಯಲ್ಲಿ ಯಂತ್ರ ಕೂತಿತು. ಬೆಳಕಿಂಡಿಗೆ ಶಹಾಬಾದ್ ಕಲ್ಲು ಮುಚ್ಚಿ ಸಿಮೆಂಟ್ ಬಳಿದರು. ಬಾಗಿಲಿನ ಅಂಚಿಗೆಲ್ಲ ರಬ್ಬರ್ ಪಟ್ಟಿ ಹೊಡೆದರು. ಗಂಡಸರು ಓಡಾಡುತ್ತಿದ್ದರೆಂದು ಹೆಂಗಸರು ಅಡುಗೆಮನೆ ಬಿಟ್ಟು ಹೊರಬರಲಿಲ್ಲ.

"ಬೆಳಕಿಂಡಿ ಮುಚ್ಚಿದ್ರ ಹೊತ್ತು ಹೆಂಗ ಗೊತ್ತಾಗಬೇಕ್ರಿ?" ಎಂದು ವಿರೂಪಣ್ಣನ ಹೆಂಡತಿ ನೀಲಗಂಗಮ್ಮ ಒಳಗಿನಿಂದಲೇ ಕೇಳಿದಳು.

"ಗಡಿಯಾರ ತರ್ತೀನಿ, ಸುಮ್ನಿರಬೇ."

ಕೆಲಸ ಮುಗಿಸಿ ಬಚ್ಚಲ ಬಳಿ ಕೈ ತೊಳೆಯುತ್ತ ದಸ್ತಗೀರ್ ಸಾಬ ಹೇಳಿದ: "ಇನ್ನ ಆ ಕೋಣ್ಯಾಗ ಕೆಂಡ-ಗಿಂಡ ಇಡಬ್ಯಾಡ್ರಿ ಸಾವಕಾರ್ರ. ಹೊಗಿ ಇರ್ಲಿ, ಬಿಡ್ಲಿ, ಕೆಂಡ ವಿಷಾ ಬಿಡ್ತದ. ಹೈದ್ರಾಬಾದಿನಾಗ ಇಂಥದೇ ಕೋಣ್ಯಾಗ ಕೆಂಡ ಇಟ್ಕೊಂಡು ಮಲಗಿದವ ಮುಂಜಾನೆ ಎದ್ದಿಲ್ಲ."

"ಕೆಂಡ ಬ್ಯಾಡಂತನ ಇದನ್ನ ತಂದದ್ದು" ಎಂದು ವಿರೂಪಣ್ಣ ಅವನ ಕೈಗೆ ಚಹಾದ ಕಪ್ಪು ಕೊಟ್ಟ. ಮಾತು ಆ ವರ್ಷದ ನೆಲ್ಲಿನ ಬೆಳೆಗೆ ಹೊರಳಿತು. ಒಳಗೆ ಹೋಗಿ ಹೆಂಗಸರಿಗೆ ಸಾಬನ ಆ ಮಾತನ್ನು ಹೇಳಬೇಕೆಂದು ಅವನಿಗೆ ಅನಿಸಲೇ ಇಲ್ಲ.

ಯಂತ್ರ ಚೆನ್ನಾಗಿ ನಡೆಯಿತು. ಕೂಸಿನ ಕೆನ್ನೆ ತುಂಬುತ್ತ ಬಂದಿತು. ಓಣಿಯ ಹೆಂಗಸರು ಬಂದು ಬಿಸಿಗಾಳಿಗೆ ಕೈಯೊಡ್ಡಿ ನಗುತ್ತಿದ್ದರು. ಮಾಳಿಗೆಯ ಮೇಲೆ ಮಾತ್ರ ಗುಬ್ಬಿಗಳು ದಿನವೂ ಬಂದು ಮುಚ್ಚಿದ ಕಲ್ಲನ್ನು ಕುಕ್ಕುತ್ತಿದ್ದವು. ಆ ಟಕಟಕ ಸದ್ದು ಬಸವಂತಮ್ಮನಿಗೆ ಸೇರುತ್ತಿರಲಿಲ್ಲ.

"ಯವ್ವಾ, ಅವನ್ನ ಹಾರಿಸು. ಯಾರೋ ಬಾಗಲಾ ಬಡದಂಗ ಆಗ್ತದ" ಎನ್ನುತ್ತಿದ್ದಳು.

ಪುಷ್ಯದ ಒಂದು ಮುಂಜಾನೆ ಬಾಣಂತಿಗೂ ಕೂಸಿಗೂ ನೀರು ಹಾಕಿ ಮುಗಿಸುವ ಹೊತ್ತಿಗೆ ಕರೆಂಟ್ ಹೋಯಿತು. ಯಂತ್ರ ಒಮ್ಮೆ ನಡುಗಿ ನಿಂತಿತು. ಮೈಗೆ ನೀರು ಬಿದ್ದಿದೆ, ಹೊರಗೆ ತಣ್ಣನೆಯ ಗಾಳಿ. ನೀಲಗಂಗಮ್ಮ ಸ್ವಲ್ಪ ಹೊತ್ತು ಕಾದಳು. ಕರೆಂಟ್ ಬರಲಿಲ್ಲ.

ಅಟ್ಟದ ಮೇಲಿದ್ದ ಅಗ್ಗಿಷ್ಟಿಕೆ ಕೆಳಗಿಳಿಯಿತು. ಡಾಕ್ಟರಮ್ಮನ ಮಾತನ್ನು ಅವಳು ಮರೆತಿರಲಿಲ್ಲ. ಹಿತ್ತಲಲ್ಲಿ ಜಾಲಿಯ ಇದ್ದಿಲು ಹೊತ್ತಿಸಿ ಹೊಗೆಯೆಲ್ಲ ಹೋಗುವವರೆಗೆ ಬೀಸಣಿಕೆ ಹಿಡಿದು ಕೂತಳು. ಕೆಂಡ ದಾಸವಾಳದಂತೆ ಕೆಂಪಾದ ಮೇಲೆಯೇ ತಂದು ಬಾಣಂತಿ ಮಲಗಿದ್ದ ಹೊರಸಿನ ಕೆಳಗೆ ಸರಿಸಿದಳು.

"ನೋಡವಾ, ಒಂದೆಳಿ ಹೊಗಿ ಇಲ್ಲ."

ಕಾವು ಹೊರಗೆ ಹೋಗದಂತೆ ಬಾಗಿಲನ್ನು ಒತ್ತಿ ಹಾಕಿದಳು. ಮತ್ತೆ ಇಣುಕಿದಾಗ ಬಸವಂತಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಯವ್ವಾ, ತಲಿ ಭಾರ ಆಗ್ಯದ."

"ಎಣ್ಣಿ-ನೀರು ಬಿದ್ದದ, ನಿದ್ದಿ ಎಳೀತದ. ಮಲ್ಕೊ."

ಮೂರನೆಯ ಸಲ ಇಣುಕಿದಾಗ ತಾಯಿ, ಕೂಸು ಎರಡೂ ಮಿಸುಕಾಡದೆ ಮಲಗಿದ್ದವು. ಕೆನ್ನೆಗಳು ಕೆಂಪಗೆ ಹೊಳೆಯುತ್ತಿದ್ದವು. ನೀಲಗಂಗಮ್ಮನ ಜೀವ ತಂಪಾಯಿತು. ದೃಷ್ಟಿಯಾದೀತೆಂದು ಹೊಸ್ತಿಲಲ್ಲೇ ನೆಟಿಗೆ ಮುರಿದು, ಸದ್ದಾಗದಂತೆ ಬಾಗಿಲು ಹಾಕಿದಳು.

ಗಿರಣಿಯಲ್ಲೂ ಕರೆಂಟ್ ಹೋಗಿ ಯಂತ್ರದ ಪಟ್ಟಗಳು ನಿಂತಿದ್ದವು. ವಿರೂಪಣ್ಣ ಮನೆಯ ಯಂತ್ರವನ್ನು ನೆನೆದ. ಬಿಗಿಯಾದ ಕೋಣೆ, ಇಷ್ಟರಲ್ಲಿ ಆರುವುದಿಲ್ಲ ಎಂದುಕೊಂಡ. ಆಳು ಗದ್ದೆಪ್ಪ ಮನೆಯಿಂದ ಬುತ್ತಿ ತಂದಿಟ್ಟ.

"ಅಮ್ಮಾರು ಹೇಳ್ಯಾರ್ರಿ, ಸಾವಕಾರ್ರು ಕಾಳಜಿ ಮಾಡೋದು ಬ್ಯಾಡಂತ. ಕೆಂಡ ಇಟ್ಟಾರಂತ."

ಸಾವಕಾರ ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು.

"ಹೊಗಿ ಆರಿಸಿ ಇಟ್ಟಾರಂತ್ರಿ" ಎಂದು ಗದ್ದೆಪ್ಪ ಅವಸರದಿಂದ ಸೇರಿಸಿದ. "ಇಬ್ರೂ ಮಾರಿ ಕೆಂಪಗ ಮಾಡ್ಕೊಂಡು ಬೇಷ್ ಮಲಗ್ಯಾರಂತ."

"ಬಾಗಲಾ?"

"ಹಾಕ್ಯಾರಂತ್ರಿ."

ವಿರೂಪಣ್ಣ ಮೋಟರ್‌ಸೈಕಲ್ ಹತ್ತಿದ. ಸಿರವಾರ ರಸ್ತೆಯಲ್ಲಿ ನೆಲ್ಲಿನ ಬಂಡಿಗಳು ಸಾಲಾಗಿ ಬರುತ್ತಿದ್ದವು. ಬಚ್ಚಲ ಬಳಿ ಸಾಬ ಕೈ ತೊಳೆದ ನೀರಿನ ಸದ್ದು ಅವನ ಕಿವಿಯಲ್ಲಿತ್ತು.

ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ನೀಲಗಂಗಮ್ಮ ಅವನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು. "ಸಪ್ಪಳ ಮಾಡಬ್ಯಾಡ್ರಿ. ಈಗ ಮಲಗ್ಯಾವು."

ಅವನು ಬಾಗಿಲನ್ನು ಒದ್ದ. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಹೊಗೆಯ ವಾಸನೆಯೂ ಇರಲಿಲ್ಲ. ಮಗಳನ್ನು ತೋಳು ಹಿಡಿದು ಅಂಗಳಕ್ಕೆ ಎಳೆದು ತಂದ. ತಲೆ ಅತ್ತಿತ್ತ ಓಲಾಡಿತು. ಮುಖಕ್ಕೆ ನೀರು ಹೊಡೆದಾಗ ನರಳಿ, ವಾಂತಿ ಮಾಡಿಕೊಂಡು, ಕಣ್ಣು ತೆರೆದಳು.

ಕೂಸನ್ನು ನೀಲಗಂಗಮ್ಮ ಎತ್ತಿಕೊಂಡು ಬಂದಳು. ಅದರ ಕೆನ್ನೆ ಇನ್ನೂ ಕೆಂಪಗಿತ್ತು. ಮೈ ಬೆಚ್ಚಗಿತ್ತು. ಅಂಗಾಲು ಉಜ್ಜಿದರು, ಬೆನ್ನು ತಟ್ಟಿದರು, ವಿರೂಪಣ್ಣ ಬಾಯಿಗೆ ಬಾಯಿ ಇಟ್ಟು ಊದಿದ. ಅದು ಉಸಿರಾಡಲಿಲ್ಲ, ಅಳಲಿಲ್ಲ.

"ಹೊಗಿ ಇರ್ಲಿಲ್ಲರೀ" ಎಂದಳು ನೀಲಗಂಗಮ್ಮ. "ನಾ ಕೂತು ಆರಿಸೀನಿ. ನನ್ನ ಕಣ್ಣಾರೆ ಆರಿಸೀನಿ."

ವಿರೂಪಣ್ಣ ಅವಳ ಮುಖ ನೋಡಲಿಲ್ಲ. ಬಸವಂತಮ್ಮ ನೆಲದ ಮೇಲೆ ಕೈ ಆಡಿಸುತ್ತ ಕೂಸನ್ನು ಹುಡುಕುತ್ತಿದ್ದಳು.

ಆಗ ಕರೆಂಟ್ ಬಂದಿತು. ಒಳಗೆ ಯಂತ್ರ ಒಮ್ಮೆ ನಡುಗಿ, ಸದ್ದು ಹಿಡಿದು, ಹೊರಗಿನ ಕಾವನ್ನು ಒಳಗೆ ಹೊರತೊಡಗಿತು. ತೆರೆದ ಬಾಗಿಲಿನಿಂದ ಬೆಚ್ಚನೆಯ ಗಾಳಿ ಅಂಗಳಕ್ಕೆ ಒಂದೇ ಸಮನೆ ಬರುತ್ತಿತ್ತು.